ಗುರುವಾರ ಬೆಳಿಗ್ಗೆ ಆರಕ್ಕೆ ಹುಟ್ಟಿದವರು

ನನ್ನ ಬಾಯಿ ಸುಮ್ಮನಿರುವುದಿಲ್ಲ. ತಪ್ಪು ಕಂಡರೆ ಹೇಳಿಬಿಡಬೇಕು, ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಲಂಡನ್ನಿನ ಪಾರ್ಕ್ ರಾಯಲ್‌ನ ಪರೋಟ ಫ್ಯಾಕ್ಟರಿಯಲ್ಲಿ ಇದೇ ಗುಣಕ್ಕೆ ನನಗೆ ಸಂಬಳ ಕೊಡುತ್ತಾರೆ, ಗ್ರೀನ್‌ಫರ್ಡಿನ ಮನೆಯಲ್ಲಿ ಇದೇ ಗುಣಕ್ಕೆ ಬೈಯುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ ಒಂದೇ, ಬೇರೆಯವರು ತುಂಬಿದ ಖಾನೆಗಳನ್ನು ನೋಡುವುದು. ಕೋಲ್ಡ್ ಸ್ಟೋರಿನ ಉಷ್ಣಾಂಶವನ್ನು ಎರಡು ಗಂಟೆಗೊಮ್ಮೆ ಬರೆದಿದ್ದಾರೋ ಇಲ್ಲವೋ, ಹಿಟ್ಟು ಕಲಸಿದ ತಾರೀಕು ಯಾವುದು, ಪ್ಯಾಕೆಟ್ಟಿನ ಮೇಲೆ ಒತ್ತಿದ ತಾರೀಕು ಯಾವುದು. ಯುಗಾದಿಗೆ ವೆಂಬ್ಲಿಯ ಹಾಲ್‌ನಲ್ಲಿ ಸೇರುವ ನಮ್ಮ ಹೆಂಗಸರಿಗೆ ಇದು ಇನ್ನೂ ಜೀರ್ಣವಾಗಿಲ್ಲ. ಧಾರವಾಡದಿಂದ ಬಂದ ಆಸ್ಪತ್ರೆ ಡಾಕ್ಟರ ಹೆಂಡತಿಗೆ ಪರೋಟ ಫ್ಯಾಕ್ಟರಿ ಏಕೆ ಬೇಕಿತ್ತು ಎಂದು ಮೂಗು ಮುರಿಯುತ್ತಾರೆ. ನನಗೆ ಬೇಕಿತ್ತು, ಅಷ್ಟೇ.

ಅವರು ಇನ್ನೂ ಹೆಚ್ಚು ಮೂಗು ಮುರಿಯುವಂಥದ್ದನ್ನೂ ನಾನು ಮಾಡಿದೆ. ಐವತ್ತರ ಹೊಸ್ತಿಲಲ್ಲಿ ಸೆಂಟ್ರಲ್ ಲಂಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೆ ಸೇರಿಕೊಂಡೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಫ್ರೆಂಚರು ರೈನ್ ನದಿಯ ಎಡದಂಡೆಯ ಜರ್ಮನ್ ಊರುಗಳನ್ನು ಹಿಡಿದುಕೊಂಡಾಗ ಅಲ್ಲಿನ ಹಳ್ಳಿಗಳ ಆಡಳಿತ ಹೇಗೆ ಬದಲಾಯಿತು ಎಂಬುದು ನನ್ನ ವಿಷಯ. ಜರ್ಮನಿಗೂ ನಿಮಗೂ ಏನು ಸಂಬಂಧ ಎಂದು ಕೇಳದವರೇ ಇಲ್ಲ. ಸಂಬಂಧ ಬಹಳ ಸರಳವಾದದ್ದು. ಅದಕ್ಕೂ ಮೊದಲು ಹೋಗುತ್ತಿದ್ದ ಒಂದು ಸಂಜೆ ಕ್ಲಾಸಿನಲ್ಲಿ ಮೇಷ್ಟರು ಗೋಡೆಯ ಮೇಲೆ ಆ ಕಾಲದ ಒಂದು ಹಳ್ಳಿಯ ಜನನ ರಿಜಿಸ್ಟರಿನ ಚಿತ್ರ ತೋರಿಸಿದರು. ಎಲ್ಲರೂ ಅಕ್ಷರದ ಅಂದ ನೋಡುತ್ತಿದ್ದರೆ ನಾನು, ಅಯ್ಯೋ, ಇದು ನಮ್ಮ ಫ್ಯಾಕ್ಟರಿಯ ಬ್ಯಾಚ್ ಶೀಟೇ ಅಲ್ಲವೇ ಅಂದುಕೊಂಡೆ. ಮೇಲಿನಿಂದ ಯಾರೋ ಒಂದು ನಮೂನೆ ಕಳಿಸಿದ್ದಾರೆ, ಕೆಳಗೆ ಕೂತ ಒಬ್ಬ ಅದನ್ನು ತುಂಬುತ್ತಿದ್ದಾನೆ. ರಾಜರ ಚರಿತ್ರೆ ಬೇಕಾದಷ್ಟಿದೆ, ಹೀಗೆ ತುಂಬುವವನ ಚರಿತ್ರೆ ಯಾರು ಬರೆದಿದ್ದಾರೆ? ಆ ಹಟಕ್ಕೆ ಜರ್ಮನ್ ಕಲಿತೆ, ಫ್ರೆಂಚ್ ಕಲಿತೆ, ಆರು ವರ್ಷ ನನ್ನ ಶನಿವಾರಗಳಿಗೆ ಎಳ್ಳುನೀರು ಬಿಟ್ಟೆ.

ಫ್ರೆಂಚರು ಬರುವ ಮೊದಲು ಆ ಸೀಮೆ ನಮ್ಮ ಕಡೆಯ ಕೌದಿಯ ಹಾಗೆ ತುಂಡು ತುಂಡಾಗಿತ್ತು. ಈ ಹಳ್ಳಿ ಬಿಷಪ್ಪನದು, ಪಕ್ಕದ ಹಳ್ಳಿ ಯಾವನೋ ಜಹಗೀರುದಾರನದು, ಅದರಾಚೆಯದು ಅರ್ಧ ಮಠದ್ದು. ಒಂದೊಂದು ಊರಿಗೆ ಒಂದೊಂದು ಪದ್ಧತಿ, ಒಂದೊಂದು ಬಗೆಯ ಗೌಡಿಕೆ. ಹುಟ್ಟು ಸಾವುಗಳ ಲೆಕ್ಕ ಪಾದ್ರಿಯ ಕೈಯಲ್ಲಿ. ಅವನು ದೀಕ್ಷಾಸ್ನಾನ ಮಾಡಿಸಿ ಬರೆದುಕೊಂಡರೆ ನೀನು ಹುಟ್ಟಿದೆ, ಇಲ್ಲವಾದರೆ ಇಲ್ಲ. ಫ್ರೆಂಚರು ಬಂದು ಇದನ್ನೆಲ್ಲ ಗುಡಿಸಿ ಹಾಕಿದರು. ಆರೇಳು ಹಳ್ಳಿಗಳನ್ನು ಸೇರಿಸಿ ಒಂದು ಆಡಳಿತ ಮಾಡಿದರು, ಅದಕ್ಕೊಬ್ಬ ಮೇಯರನನ್ನು ಕೂರಿಸಿದರು, ಅವನ ತಲೆಯ ಮೇಲೆ ತಾಲ್ಲೂಕಿನ ಅಧಿಕಾರಿ, ಅವನ ಮೇಲೆ ಜಿಲ್ಲೆಯ ಅಧಿಕಾರಿ. ಪ್ರತಿ ಮೇಯರನ ಕಚೇರಿಯಲ್ಲೂ ಒಂದೇ ನಮೂನೆಯ ರಿಜಿಸ್ಟರ್. ಮಗು ಹುಟ್ಟಿದ ಮೂರು ದಿನದೊಳಗೆ ಅಪ್ಪ ಇಬ್ಬರು ಸಾಕ್ಷಿಗಳ ಜೊತೆ ಬಂದು ಬರೆಸಬೇಕು, ತಡವಾದರೆ ಶಿಕ್ಷೆ, ಕೋರ್ಟಿನ ಅಪ್ಪಣೆಯಿಲ್ಲದೆ ಬರೆದುಕೊಳ್ಳುವಂತೆಯೂ ಇಲ್ಲ. ಯಾವ ದೇವರಿಗೆ ಕೈ ಮುಗಿಯುತ್ತೀಯ ಎಂದು ಆ ಪುಸ್ತಕ ಕೇಳುವುದಿಲ್ಲ. ಬಂದೂಕು ಹಿಡಿದು ಬಂದವರ ಸುಧಾರಣೆ ಇದು, ಅದನ್ನು ನಾನು ಮರೆತಿಲ್ಲ. ಆದರೂ ಆ ಪುಸ್ತಕ ನನಗೆ ಇಷ್ಟವಾಗಿತ್ತು.

ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಅಂಥ ಒಂದೇ ಒಂದು ಕಚೇರಿಯ ರಿಜಿಸ್ಟರಿನ ಮೇಲೆ ನಿಂತಿತ್ತು. ಏಳು ಹಳ್ಳಿಗಳ ಕಚೇರಿ. ಮೇಯರ್ ಚರ್ಮ ಹದ ಮಾಡುವ ಸಾಹುಕಾರ, ಸಹಿ ಹಾಕುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಬರೆದವನು ಒಬ್ಬ ಗುಮಾಸ್ತ. ಹಳೆಯ ಒಡೆಯರ ಕಾಲದಿಂದಲೂ ಅಲ್ಲಿ ಬರೆಯುತ್ತಿದ್ದವನು, ಆಡಳಿತ ಬದಲಾದರೂ ಕುರ್ಚಿ ಬಿಟ್ಟು ಏಳದವನು. ಅವನ ಹೆಸರು ಎಲ್ಲಿಯೂ ಇಲ್ಲ. ಅವನ ಅಕ್ಷರ ಮಾತ್ರ ನನಗೆ ನನ್ನ ಅಕ್ಷರಕ್ಕಿಂತ ಚೆನ್ನಾಗಿ ಗೊತ್ತು. ಮಸಿ ಮುಗಿಯುತ್ತ ಬಂದಾಗ ಅವನು ಬಾಲಗಳನ್ನು ಉದ್ದ ಎಳೆಯುವುದನ್ನೂ ನಾನು ಬಲ್ಲೆ.

ಗ್ರಹಚಾರ ಶುರುವಾದದ್ದು ನನ್ನಿಂದಲೇ. ರಿಜಿಸ್ಟರಿನಲ್ಲಿ ತಾರೀಕು ಇರುತ್ತದೆ, ವಾರ ಇರುವುದಿಲ್ಲ. ಆದರೆ ಫ್ಯಾಕ್ಟರಿಯಲ್ಲಿ ನನಗೆ ಯಾವ ತಾರೀಕು ಕಂಡರೂ ಅದು ಯಾವ ವಾರ ಎಂದು ನೋಡುವ ಚಟ, ಏಕೆಂದರೆ ಭಾನುವಾರ ಹಿಟ್ಟು ಕಲಸಿದ್ದೇವೆ ಎಂದು ಯಾರಾದರೂ ಬರೆದರೆ ಅದು ಸುಳ್ಳು, ಭಾನುವಾರ ಮಿಷನ್ನು ತೊಳೆಯುವ ದಿನ. ಒಂದು ಶನಿವಾರ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು, ಜನನದ ತಾರೀಕುಗಳ ಪಕ್ಕದಲ್ಲಿ ವಾರಗಳನ್ನು ಬರೆಯುತ್ತ ಹೋದೆ. ಗುರುವಾರ. ಗುರುವಾರ. ಮತ್ತೆ ಗುರುವಾರ. ಎರಡನೇ ಪುಟಕ್ಕೆ ಬಂದರೂ ಗುರುವಾರವೇ. ಏಳು ಹಳ್ಳಿಗಳ ಮಕ್ಕಳೆಲ್ಲ ಗುರುವಾರ ಹುಟ್ಟಿದ್ದವು. ಅಷ್ಟೇ ಅಲ್ಲ, ಪ್ರತಿಯೊಂದು ನಮೂದಿನಲ್ಲೂ ಗುಮಾಸ್ತ ಬರೆದದ್ದು ಒಂದೇ ಮಾತು, ನಿನ್ನೆ ಬೆಳಿಗ್ಗೆ ಆರು ಗಂಟೆಗೆ. ಗಂಡು, ಹೆಣ್ಣು, ಅವಳಿ ಜವಳಿ, ಎಲ್ಲರೂ ಗುರುವಾರ ಬೆಳಿಗ್ಗೆ ಆರಕ್ಕೆ.

ಬುದ್ಧಿ ಇರುವವರು ಆಗ ಸುಮ್ಮನಿದ್ದು ನಾಲ್ಕು ದಿನ ಯೋಚನೆ ಮಾಡುತ್ತಿದ್ದರು. ನಾನು ಮಜ್ಜಿಗೆ ಕುಡಿದು ತಕ್ಷಣ ನನ್ನ ಗೈಡಿಗೆ ಇಮೇಲ್ ಬರೆದೆ.

ನನ್ನ ಗೈಡು ಸೌಮ್ಯ ಸ್ವಭಾವದ ಇಂಗ್ಲಿಷ್ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮೊದಲು ಚಹಾ ಕೊಡುತ್ತಾರೆ. ಅವತ್ತು ಚಹಾದ ಜೊತೆ ಬಿಸ್ಕತ್ತೂ ಇತ್ತು, ಆಗಲೇ ನನಗೆ ಗೊತ್ತಾಯಿತು. ಯಾವ ಊರಿನ ಹೆಂಗಸರೂ ಗುರುವಾರ ಮಾತ್ರ ಹೆರುವುದಿಲ್ಲ ಎಂದರು. ಮೇಲಧಿಕಾರಿ ತಪಾಸಣೆಗೆ ಬರುತ್ತಾನೆಂದು ಆ ಗುಮಾಸ್ತ ವರ್ಷದ ಕೊನೆಗೆ ಕೂತು ಇಡೀ ಪುಸ್ತಕವನ್ನು ಮನಸ್ಸಿಗೆ ಬಂದಂತೆ ತುಂಬಿದ್ದಾನೆ, ಇದರಲ್ಲಿರುವ ಮಕ್ಕಳು ನಿಜವಾಗಿ ಇದ್ದರೆಂದೇ ಹೇಳಲು ಬರುವುದಿಲ್ಲ, ಇದರ ಮೇಲೆ ಅಧ್ಯಾಯ ಕಟ್ಟಿದರೆ ಪರೀಕ್ಷಕರು ಕ್ಷಣದಲ್ಲಿ ಕೆಡವುತ್ತಾರೆ, ತೆಗೆದುಬಿಡಿ ಎಂದು ಕಡ್ಡಿ ಮುರಿದಂತೆ ಹೇಳಿದರು. ತೆಗೆದರೆ ಏನು ಉಳಿಯುತ್ತದೆ ಎಂದು ನಾನೇ ಕೇಳಿದೆ. ಪಿಎಚ್‌ಡಿಗೆ ಸಾಲುವಷ್ಟು ಉಳಿಯುವುದಿಲ್ಲ, ಅದಕ್ಕಿಂತ ಸಣ್ಣ ಡಿಗ್ರಿ ಒಂದಿದೆ, ಅದನ್ನು ಕೊಡಿಸಬಹುದು ಎಂದರು. ನನಗೆ ಉಳಿದಿದ್ದ ಅವಧಿ ಒಂದು ವರ್ಷವೂ ಇರಲಿಲ್ಲ. ಆರು ವರ್ಷದ ಶನಿವಾರಗಳು, ಆ ಒಂದು ಅಧ್ಯಾಯ, ಅದನ್ನು ನಾನೇ ಕೈಯಾರೆ ಕೊಂದಿದ್ದೆ. ಟ್ಯೂಬ್ ರೈಲಿನಲ್ಲಿ ಕೂತು ಅತ್ತೆ. ಲಂಡನ್ನಿನಲ್ಲಿ ಅದೊಂದು ಸೌಕರ್ಯ, ಟ್ಯೂಬಿನಲ್ಲಿ ಅತ್ತರೆ ಯಾರೂ ಏಕೆ ಎಂದು ಕೇಳುವುದಿಲ್ಲ.

ಅದಾದ ಮುಂದಿನ ವಾರ ಅವ್ವನನ್ನು ನಮ್ಮ ಏರಿಯಾದ ಡಾಕ್ಟರು, ಜಿಪಿ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಬೈಲಹೊಂಗಲದ ಕಡೆಯ ಹಳ್ಳಿಯವಳು, ಎಂಬತ್ತು ದಾಟಿದರೂ ಚೂಪು ನಾಲಿಗೆ, ನನ್ನ ಬಾಯಿ ಎಲ್ಲಿಂದ ಬಂತು ಎಂದು ಬೇರೆ ಹುಡುಕಬೇಕಿಲ್ಲ. ಬಿಪಿ ಮಾತ್ರೆ ಬರೆಸಿಕೊಳ್ಳುವುದಿತ್ತು. ಕೌಂಟರಿನ ಹೆಂಗಸು ಹುಟ್ಟಿದ ತಾರೀಕು ಕೇಳಿದಳು. ಅವ್ವನಿಗೆ ಬರುವ ಇಂಗ್ಲಿಷಿನಲ್ಲಿ ಎಲ್ಲಿಯೂ ಎಡವದ ಮಾತು ಅದೊಂದೇ. "ಫಸ್ಟ್ ಜೂನ್" ಎಂದು ಠೀವಿಯಿಂದ ಹೇಳಿ ಇಸವಿಯನ್ನೂ ಸೇರಿಸಿದಳು. ಕೌಂಟರಿನವಳು ನಕ್ಕಳು. ನಿಮ್ಮ ದೇಶದ ಹಿರಿಯರೆಲ್ಲ ಜೂನ್ ಒಂದಕ್ಕೇ ಹುಟ್ಟಿದ್ದೀರಲ್ಲ, ಇವತ್ತು ಬೆಳಗಿನಿಂದ ನೀವು ಮೂರನೆಯವರು ಎಂದಳು. ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಳ್ಳಿಗಳಲ್ಲಿ ಹುಟ್ಟಿದ ತಾರೀಕು ಯಾರೂ ಬರೆದಿಡುತ್ತಿರಲಿಲ್ಲ, ಶಾಲೆಗೆ ಸೇರಿಸುವ ದಿನ ಮಾಸ್ತರರೇ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ನಕ್ಕು ಬಿಟ್ಟಿದ್ದರೆ ಮುಗಿಯುತ್ತಿತ್ತು.

ನನ್ನ ಬಾಯಿ ಬಿಡಬೇಕಲ್ಲ. ಅದು ನಿಜವಾದ ತಾರೀಕಲ್ಲ, ಶಾಲೆಯವರು ಸುಮ್ಮನೆ ಬರೆದದ್ದು, ಇವಳು ಹುಟ್ಟಿದ್ದು ನಾಗರಪಂಚಮಿಯ ಮರುದಿನ, ಅಂದರೆ ಎರಡು ತಿಂಗಳು ಆಮೇಲೆ, ಪ್ರಾಯಶಃ ಒಂದು ವರ್ಷವೂ ಆಮೇಲೆ, ಎಂದು ನಾನು ಸವಿಸ್ತಾರವಾಗಿ ಹೇಳಿದೆ. ಕೌಂಟರಿನವಳ ನಗು ನಿಂತಿತು. ಕೀಬೋರ್ಡಿನಿಂದ ಕೈ ತೆಗೆದಳು. ಒಳಗಿನಿಂದ ಮ್ಯಾನೇಜರ್ ಬಂದರು. ತಾರೀಕು ಸುಳ್ಳಾದರೆ ಈ ದಾಖಲೆ ಯಾರದು, ಪಾಸ್‌ಪೋರ್ಟಿನಲ್ಲಿ ಏನಿದೆ, ಅದೂ ಸುಳ್ಳೇ, ದಯವಿಟ್ಟು ಎಲ್ಲವನ್ನೂ ಬರೆದು ಕೊಡಿ ಎಂದರು. ಫ್ಯಾಕ್ಟರಿಯಲ್ಲಿ ನಾನೇ ದಿನಾ ಆಡುವ ಮಾತುಗಳು. ಅವರನ್ನು ಬೈಯಲೂ ನನಗೆ ಮುಖವಿರಲಿಲ್ಲ. ಅವತ್ತು ಮಾತ್ರೆ ಸಿಗಲಿಲ್ಲ. ಮರುದಿನ ನಾನೊಬ್ಬಳೇ ಹೋಗಿ, ನಿನ್ನೆ ನಾನು ಹೇಳಿದ್ದು ತಪ್ಪು, ಪಾಸ್‌ಪೋರ್ಟಿನಲ್ಲಿ ಇರುವುದೇ ಸರಿಯಾದ ತಾರೀಕು ಎಂದು ಸಹಿ ಮಾಡಿ ಕೊಟ್ಟು, ಮಾತ್ರೆ ತಂದೆ.

ಆದರೆ ಮೊದಲನೇ ದಿನದ ಕತೆ ಅಲ್ಲಿಗೇ ಮುಗಿಯಲಿಲ್ಲ. ತೊಂಬತ್ತೆರಡನೇ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಮನೆಗೆ ಬಂದು ಕೋಟು ಕೂಡ ತೆಗೆಯದೆ ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಶುರು ಮಾಡಿದಳು.

"ನನ್ನ ತಾರೀಕ ತಿದ್ದಾಕ ನೀ ಯಾವಾಕಿ?"

ಅವ್ವಾ, ಅದು ಸುಳ್ಳು ತಾರೀಕು ತಾನೇ ಎಂದೆ.

"ಸುಳ್ಳ ಐತಿ. ಅದು ನಿನಗಿಂತ ಮೊದಲ ನನಗ ಗೊತ್ತೈತಿ. ಆ ಸುಳ್ಳ ಇಲ್ಲದಿದ್ರ ನಾ ಏನಾಗಿರ್ತಿದ್ದೆ, ಅದು ನಿನಗ ಗೊತ್ತೈತೇನು?"

ಗೊತ್ತಿರಲಿಲ್ಲ. ಜೂನ್ ಒಂದು ಎಂಬುದು ಶಾಲೆಯ ತಾರೀಕು ಎಂದು ಚಿಕ್ಕಂದಿನಿಂದ ಕೇಳಿದ್ದೆನೇ ಹೊರತು, ಆ ದಿನ ಏನಾಯಿತು ಎಂದು ಒಂದು ಸಲವೂ ಕೇಳಿರಲಿಲ್ಲ. ರೈನ್ ದಂಡೆಯ ಏಳು ಹಳ್ಳಿಗಳ ಹುಟ್ಟನ್ನು ಕೆದಕಿದ ಮಗಳು ಹೆತ್ತವಳನ್ನು ಕೇಳಿರಲಿಲ್ಲ. ನಾಚಿಕೆಯಾಯಿತು. ಚಹಾಕ್ಕೆ ಇಟ್ಟು ಎದುರಿಗೆ ಕೂತೆ.

ಅವಳ ಅಪ್ಪನಿಗೆ ಹೆಣ್ಣು ಹುಡುಗಿಯನ್ನು ಶಾಲೆಗೆ ಹಾಕುವುದು ಸುತರಾಂ ಇಷ್ಟವಿರಲಿಲ್ಲ. ಮನೆಯಲ್ಲಿ ಕೂಸು ಇತ್ತು, ಅದನ್ನು ಎತ್ತಿಕೊಂಡು ತಿರುಗಲು ಇವಳು ಬೇಕಿತ್ತು. ಮುಂದಿನ ವರ್ಷ ಎರಡನೇ ಕೂಸು ಬರುವುದಿತ್ತು, ಆಮೇಲಂತೂ ಶಾಲೆಯ ಮಾತೇ ಇಲ್ಲ. ಹೋದರೆ ಆ ವರ್ಷವೇ ಹೋಗಬೇಕು. ನನ್ನ ಅಜ್ಜಿ ಬಾಯಿ ಬಿಡಲಿಲ್ಲ. ಗಂಡ ಎತ್ತುಗಳನ್ನು ಹೊಡೆದುಕೊಂಡು ಸಂತೆಗೆ ಹೋಗುವವರೆಗೂ ಕಾದು, ಅವನು ಊರ ಅಗಸಿ ದಾಟಿದ ಮೇಲೆ ಮಗಳ ಕೈ ಹಿಡಿದುಕೊಂಡು ಶಾಲೆಗೆ ಹೋದಳು. ಆರು ತುಂಬಿದವರನ್ನೇ ಸೇರಿಸಿಕೊಳ್ಳಬೇಕು ಎಂದು ಸರ್ಕಾರದ ನಿಯಮ. ಎಷ್ಟು ವಯಸ್ಸು ಎಂದು ಮಾಸ್ತರರು ಕೇಳಿದರೆ, ಪಂಚಮಿಯ ಮರುದಿನ ಹುಟ್ಟಿದ್ದು ಎಂದಷ್ಟೇ ಅಜ್ಜಿ ಹೇಳಿದಳು, ಯಾವ ಪಂಚಮಿ ಎಂದು ಹೇಳಲಿಲ್ಲ. ವಯಸ್ಸು ತಿಳಿಯದಿದ್ದರೆ ಆಗ ಇದ್ದದ್ದು ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿದೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ.

ಅವ್ವ ಕೈ ಹಾಯಿಸಿದಳು. ಮುಟ್ಟಲಿಲ್ಲ. ಒಂದು ಬೆರಳಷ್ಟು ಕಡಿಮೆ ಬಿತ್ತು. ಕೂತಿದ್ದ ಮಕ್ಕಳೆಲ್ಲ ನಕ್ಕರು. ಅಜ್ಜಿ ನೆಲ ನೋಡುತ್ತ ನಿಂತಳು. ಆಗ ಮಾಸ್ತರರು ಕುರ್ಚಿಯಿಂದ ಎದ್ದು ಬಂದರು.

"ನನ್ನ ತಲೀ ಮ್ಯಾಲ ಕೈ ಇಟ್ರು. ಇಟ್ಟು, ಸ್ವಲ್ಪ ಬಗ್ಗಿಸಿದ್ರು, ಇಷ್ಟ. ಕೈ ಬಟ್ಟ ಕಿವೀಗೆ ಹತ್ತಿತು. ಮುಟ್ಟಿತು ನೋಡು ಅಂದ್ರು. ಹೋಗಿ ಕೂತು ಜೂನ್ ಒಂದು ಅಂತ ಬರದ್ರು."

ಇಷ್ಟು ಹೇಳಿ ಅವ್ವ ಅತ್ತಳು. ನನಗೆ ನೆನಪಿರುವಂತೆ ಅಪ್ಪ ಹೋದಾಗಲೂ ಅವಳು ನನ್ನೆದುರು ಅತ್ತಿರಲಿಲ್ಲ. ಸಂಜೆ ಅವಳ ಅಪ್ಪ ಸಂತೆಯಿಂದ ಬಂದು ಮನೆ ಕಿತ್ತುಹೋಗುವಂತೆ ಕೂಗಾಡಿದನಂತೆ. ಅಜ್ಜಿ ರೊಟ್ಟಿ ಬಡಿಯುತ್ತ, ಸರ್ಕಾರದ ಪುಸ್ತಕದಲ್ಲಿ ಹೆಸರು ಹತ್ತಿಬಿಟ್ಟಿದೆ, ಹೊಡೆದು ಹಾಕಬೇಕಾದರೆ ನೀನೇ ಹೋಗಿ ಸರ್ಕಾರವನ್ನು ಕೇಳು ಎಂದಳಂತೆ. ಆ ಮನುಷ್ಯ ಹೋರಿಗೆ ಹೆದರಿದವನಲ್ಲ, ಕಾಗದಕ್ಕೆ ಹೆದರಿದ. ಅವ್ವ ನಾಲ್ಕನೇ ಇಯತ್ತೆಯವರೆಗೆ ಓದಿದಳು. ಆ ನಾಲ್ಕು ವರ್ಷದ ಬಲದ ಮೇಲೆ ನನ್ನನ್ನು ಕಾಲೇಜಿನವರೆಗೆ ತಳ್ಳಿದಳು.

ಚಹಾ ಉಕ್ಕಿ ಒಲೆಯೆಲ್ಲ ರಾಡಿಯಾಗಿತ್ತು. ಅದನ್ನು ಒರೆಸುತ್ತ ನಿಂತಾಗ ನನಗೆ ಗುಮಾಸ್ತ ನೆನಪಾದ.

ಹತ್ತೊಂಬತ್ತು ವರ್ಷ ಕೋಲ್ಡ್ ಸ್ಟೋರಿನ ಹಾಳೆಗಳನ್ನು ನೋಡಿದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು, ಆ ಕ್ಷಣದವರೆಗೆ ಅದನ್ನು ಗುಮಾಸ್ತನಿಗೆ ಅನ್ವಯಿಸುವ ಬುದ್ಧಿ ಬಂದಿರಲಿಲ್ಲ. ಮೋಸ ಮಾಡಲೆಂದೇ ಕೂತವನು ಒಂದೇ ಅಂಕಿಯನ್ನು ಬರೆಯುವುದಿಲ್ಲ. ನೋಡಿದವರು ನಂಬಲಿ ಎಂದು ಮೂರು ಡಿಗ್ರಿ, ನಾಲ್ಕು, ಮೂರೂವರೆ, ಎರಡು ಮುಕ್ಕಾಲು ಎಂದು ಬೇರೆ ಬೇರೆ ಬರೆಯುತ್ತಾನೆ, ಪೆನ್ನನ್ನೂ ಬದಲಾಯಿಸುತ್ತಾನೆ. ಎಲ್ಲ ಖಾನೆಯಲ್ಲೂ ಮೂರು ಎಂದು ಬರೆದವನು ಮೋಸಗಾರನಲ್ಲ, ಅವನಿಗೆ ಬೇರೆ ಕೆಲಸ ಮೈಮೇಲಿತ್ತು, ಖಾನೆ ಖಾಲಿ ಬಿಡುವ ಹಾಗಿರಲಿಲ್ಲ, ಅಷ್ಟೇ. ವರ್ಷದ ಕೊನೆಗೆ ಕೂತು ಮಕ್ಕಳನ್ನು ಕಲ್ಪಿಸಿ ಬರೆಯುವವನು ಎಲ್ಲರನ್ನೂ ಗುರುವಾರ ಬೆಳಿಗ್ಗೆ ಆರಕ್ಕೆ ಹುಟ್ಟಿಸುತ್ತಿದ್ದನೇ? ಅಷ್ಟು ದಡ್ಡನೇ ಅವನು?

ಕೈ ಒರೆಸಿಕೊಂಡು ಮಹಡಿಗೆ ಓಡಿದೆ. ಮರಣದ ರಿಜಿಸ್ಟರನ್ನು ತೆಗೆದು ವಾರಗಳನ್ನು ಹಾಕುತ್ತ ಕೂತೆ. ಸೋಮವಾರ, ಬುಧವಾರ, ಭಾನುವಾರ, ಶನಿವಾರ. ಎಲ್ಲ ವಾರಗಳೂ ಇದ್ದವು. ಗಂಟೆಗಳೂ ಬೇರೆ ಬೇರೆ, ನಸುಕಿನ ನಾಲ್ಕು, ಮಧ್ಯಾಹ್ನದ ಎರಡು, ರಾತ್ರಿ ಹತ್ತು. ಅದೇ ಕೈ, ಅದೇ ಮಸಿ. ಹೆಣ ಹೂಳಬೇಕಾದರೆ ಮೇಯರನ ಕಚೇರಿಯ ಚೀಟಿ ಬೇಕೆಂದು ಹೊಸ ಕಾನೂನು ಇತ್ತು, ಆದ್ದರಿಂದ ಯಾರಾದರೂ ಸತ್ತರೆ ಅದೇ ದಿನ ಓಡಿ ಬರಬೇಕು. ಹುಟ್ಟಿಗೆ ಆ ಅವಸರ ಯಾರಿಗಿತ್ತು? ದೂರದ ಹಳ್ಳಿಯ ಒಕ್ಕಲಿಗ ಹೊಲ ಬಿಟ್ಟು, ಇಬ್ಬರು ಸಾಕ್ಷಿಗಳನ್ನು ಕಟ್ಟಿಕೊಂಡು, ಅದಕ್ಕೆಂದೇ ಬರುತ್ತಿರಲಿಲ್ಲ. ಕಚೇರಿಯ ಊರಿನಲ್ಲಿ ಶುಕ್ರವಾರ ಸಂತೆ ಎಂದು ಮೇಯರನ ಒಂದು ಪ್ರಕಟಣೆಯಲ್ಲಿ ನಾನೇ ಓದಿ ಗುರುತು ಹಾಕಿಕೊಂಡಿದ್ದೆ. ಸಂತೆಗೆ ಬಂದಾಗ ಬರೆಸುತ್ತಿದ್ದರು. ಅಷ್ಟರಲ್ಲಿ ಮೂರು ದಿನ ದಾಟಿರುತ್ತಿತ್ತು. ನಿಜ ಬರೆದರೆ ಅಪ್ಪನಿಗೆ ಶಿಕ್ಷೆ, ಬರೆಯದಿದ್ದರೆ ಮಗು ಪುಸ್ತಕದಲ್ಲಿಲ್ಲ. ಗುಮಾಸ್ತ ಎಲ್ಲರಿಗೂ ನಿನ್ನೆ ಎಂದು ಬರೆದ. ಶುಕ್ರವಾರದ ನಿನ್ನೆ ಗುರುವಾರ. ಆ ಕ್ಷಣ ನಾನು ಕುರ್ಚಿ ಬಿಟ್ಟೆದ್ದು ಒಬ್ಬಳೇ ನಕ್ಕೆ. ಕೆಳಗಿನಿಂದ ಅವ್ವ, ಹುಚ್ಚು ಹಿಡಿಯಿತೇನು ಎಂದು ಕೂಗಿದಳು.

ಗೈಡಿಗೆ ಹೇಳಿದಾಗ ಅವರು ಕಣ್ಣರಳಿಸಿ ಕೇಳಿದರು, ಆದರೆ ಬಗ್ಗಲಿಲ್ಲ. ವಾದ ಚೆನ್ನಾಗಿದೆ, ಸಾಕ್ಷ್ಯ ಬೇಕು ಎಂದರು. ಸರಿಯಾದ ಮಾತೇ. ನಾನು ಅವರ ಜಾಗದಲ್ಲಿ ಇದ್ದರೂ ಅದನ್ನೇ ಹೇಳುತ್ತಿದ್ದೆ. ಆ ಏಳು ಹಳ್ಳಿಗಳ ಪಾದ್ರಿಗಳು ಹೊಸ ಆಡಳಿತ ಬಂದ ಮೇಲೂ ತಮ್ಮ ಪಾಡಿಗೆ ಬರೆದುಕೊಳ್ಳುತ್ತಿದ್ದರು, ಅವರಿಗೆ ಶಿಕ್ಷೆಯ ಹೆದರಿಕೆ ಇರಲಿಲ್ಲವಾದ್ದರಿಂದ ನಿಜವಾದ ದಿನವನ್ನೇ ಬರೆಯುತ್ತಿದ್ದರು. ಆ ಪುಸ್ತಕಗಳು ಉಳಿದಿದ್ದರೆ ಹೋಲಿಸಿ ನೋಡಬಹುದಿತ್ತು. ಅಲ್ಲಿನ ಪತ್ರಾಗಾರಕ್ಕೆ ಬರೆದೆ. ಆರು ಹಳ್ಳಿಗಳದು ಇಲ್ಲ, ಒಂದರದು ಇದೆ, ಪ್ರತಿ ತೆಗೆದು ಕಳಿಸುತ್ತೇವೆ, ಸಮಯ ಹಿಡಿಯುತ್ತದೆ ಎಂದು ಉತ್ತರ ಬಂತು. ಏಳು ವಾರ ಕಾದೆ. ಆ ಏಳು ವಾರ ಫ್ಯಾಕ್ಟರಿಯಲ್ಲಿ ನನ್ನ ಕೈಗೆ ಸಿಕ್ಕವರ ಪಾಡು ಹೇಳತೀರದು.

ಪುಸ್ತಕ ಬಂತು. ಒಂದೊಂದೇ ಮಗುವನ್ನು ಹುಡುಕಿದೆ. ಗುಮಾಸ್ತ ಗುರುವಾರಕ್ಕೆ ಹಾಕಿದ ಮಗು ಪಾದ್ರಿಯ ಪುಸ್ತಕದಲ್ಲಿ ಹಿಂದಿನ ಶನಿವಾರ ಹುಟ್ಟಿತ್ತು. ಇನ್ನೊಂದು ಮಂಗಳವಾರ. ಮತ್ತೊಂದು ಎಂಟು ದಿನ ಹಿಂದೆ. ಅದೇ ಅಪ್ಪ, ಅದೇ ಅಮ್ಮ, ಅದೇ ಹೆಸರು. ಒಂದು ಮಗುವನ್ನು ಬಿಟ್ಟು ಎಲ್ಲವೂ ಸಿಕ್ಕವು. ಯಾರನ್ನೂ ಅವನು ಕಲ್ಪಿಸಿಕೊಂಡಿರಲಿಲ್ಲ.

ಆ ಒಂದು ಮಗುವಿಗಾಗಿ ಮೂರು ಶನಿವಾರ ಹುಡುಕಿದೆ. ಕೊನೆಗೆ ಅಪ್ಪನ ಹೆಸರು, ಕಸುಬು ಇದ್ದ ಸಾಲನ್ನು ಸರಿಯಾಗಿ ಓದಿದಾಗ ಹೊಳೆಯಿತು. ಅದು ಊರೂರು ತಿರುಗಿ ಬಟ್ಟೆ ಮಾರುವ ಯಹೂದಿಯ ಮಗಳು. ಪಾದ್ರಿಯ ಪುಸ್ತಕದಲ್ಲಿ ಅವಳು ಎಂದೂ ಇರಲು ಸಾಧ್ಯವಿರಲಿಲ್ಲ.

ವೈವಾ ನಡೆದದ್ದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಇಬ್ಬರು ಪರೀಕ್ಷಕರು. ಒಬ್ಬರು ಅದೇ ವಿಶ್ವವಿದ್ಯಾಲಯದ ಹಿರಿಯರು, ಹೆಚ್ಚು ಮಾತನಾಡಲಿಲ್ಲ. ಇನ್ನೊಬ್ಬರು ಹೊರಗಿನಿಂದ ಬಂದ ಜರ್ಮನ್ ಮಹಿಳೆ, ನನ್ನ ವಯಸ್ಸಿನವರು, ಓದುವ ಕನ್ನಡಕದ ಮೇಲಿನಿಂದ ನೋಡುವವರು. ನನ್ನ ಗೈಡು ಮೊದಲೇ ಎಚ್ಚರಿಸಿದ್ದರು, ಆ ಮಹಿಳೆ ಬಿಡುವವರಲ್ಲ, ಅಧ್ಯಾಯ ಉಳಿದರೆ ಅವರಿಂದ, ಬಿದ್ದರೆ ಅವರಿಂದ, ನಿಮ್ಮ ತಾಯಿಯ ಕತೆಯನ್ನು ದಯವಿಟ್ಟು ತರಬೇಡಿ. ತರುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನೀಲಿ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಹೆದರಿಕೆ ಇರಲಿಲ್ಲ. ಆ ರಿಜಿಸ್ಟರನ್ನು ನನ್ನಷ್ಟು ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ, ಇಡೀ ಲಂಡನ್ನಿನಲ್ಲೂ ಇರಲಿಲ್ಲ.

ಒಂದು ಗಂಟೆ ಸುಸೂತ್ರವಾಗಿ ನಡೆಯಿತು. ಆಮೇಲೆ ಆ ಮಹಿಳೆ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. ನೀವು ಇಷ್ಟೆಲ್ಲ ಹೇಳಿದರೂ ಆ ಗುಮಾಸ್ತ ಸುಳ್ಳು ಬರೆದದ್ದು ಸುಳ್ಳೇ ತಾನೇ, ಸುಳ್ಳು ಬರೆದವನ ಪುಸ್ತಕವನ್ನು ನಾವು ಯಾಕೆ ನಂಬಬೇಕು ಎಂದು ಕೇಳಿದರು. ಗೈಡು ಮೂಲೆಯಲ್ಲಿ ಕೂತು ತಮ್ಮ ಬೂಟು ನೋಡಿಕೊಂಡರು.

"ದಿನದ ವಿಷಯದಲ್ಲಿ ಅವನು ಸುಳ್ಳು ಹೇಳಿದ, ಮಗುವಿನ ವಿಷಯದಲ್ಲಿ ಹೇಳಲಿಲ್ಲ" ಎಂದೆ. "ಬಟ್ಟೆ ಮಾರುವವನ ಮಗಳು ಹುಟ್ಟಿದ್ದಳು ಎನ್ನುವುದಕ್ಕೆ ಈ ಭೂಮಿಯ ಮೇಲೆ ಇರುವುದು ಆ ಸುಳ್ಳು ಸಾಲು ಒಂದೇ. ಅವನು ಕಾನೂನಿನ ಪ್ರಕಾರ ನಡೆದಿದ್ದರೆ ಅವಳ ಅಪ್ಪನನ್ನು ವಾಪಸು ಕಳಿಸಬೇಕಿತ್ತು. ಆಗ ಅವಳು ಎಲ್ಲಿಯೂ ಇರುತ್ತಿರಲಿಲ್ಲ."

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸುವ ಬಾಯಿಯೇ ಇದು? ಇಂಥ ಗುಮಾಸ್ತರನ್ನು ನೀವು ಮೊದಲು ಎಲ್ಲಾದರೂ ಕಂಡಿದ್ದೀರಾ ಎಂದು ಅವರು ಕೇಳಿದ್ದೇ ತಡ, ಕಂಡಿದ್ದೇನೆ ಎಂದುಬಿಟ್ಟೆ. ಮಾತು ಕೊಟ್ಟದ್ದೆಲ್ಲ ಗಾಳಿಗೆ ಹೋಯಿತು. ಸಂತೆಗೆ ಹೋದ ಅಜ್ಜ, ನೆಲ ನೋಡುತ್ತ ನಿಂತ ಅಜ್ಜಿ, ಒಂದು ಬೆರಳು ಕಡಿಮೆ ಬಿದ್ದ ಕೈ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅರಿವಿಲ್ಲದೆ ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿ ಹಿಡಿದುಕೊಂಡಿದ್ದೆ. ಪಿಎಚ್‌ಡಿ ವೈವಾದಲ್ಲಿ, ಇಳಕಲ್ ಸೀರೆಯಲ್ಲಿ, ಕಿವಿ ಹಿಡಿದುಕೊಂಡು ಕೂತವಳು ನಾನೊಬ್ಬಳೇ ಇರಬೇಕು. ಕೈ ಕೆಳಗಿಳಿಸಲೂ ತೋಚಲಿಲ್ಲ. ಆಗ ಆ ಜರ್ಮನ್ ಮಹಿಳೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಮ್ಮ ಬಲಗೈಯನ್ನು ನಿಧಾನವಾಗಿ ತಲೆಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿ ನೋಡಿದರು.

ಹೊರಗೆ ಕಾಯಲು ಹೇಳಿದರು. ಇಪ್ಪತ್ತು ನಿಮಿಷ ಲಿಫ್ಟಿನ ಎದುರಿನ ಬೆಂಚಿನ ಮೇಲೆ ಕೂತೆ. ಒಳಗೆ ಕರೆದು, ಒಂದು ವಾಕ್ಯ ಸೇರಿಸಿದರೆ ಸಾಕು ಎಂದರು. ಈ ಮಕ್ಕಳು ನಿಜವಾಗಿ ಯಾವ ದಿನ ಹುಟ್ಟಿದರೆಂದು ಒಂದು ಹಳ್ಳಿಯ ಹೊರತು ನಮಗೆ ಎಂದಿಗೂ ತಿಳಿಯುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ಸಂತೋಷದಿಂದ ಬರೆದೆ. ಅಧ್ಯಾಯ ಉಳಿಯಿತು, ನನ್ನ ಆರು ವರ್ಷವೂ ಉಳಿಯಿತು.

ಪ್ರಬಂಧ ಬೈಂಡಾಗಿ ಬಂದ ದಿನ ಅವ್ವ ಕಿಟಕಿಯ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಈಲಿಂಗ್ ರೋಡಿನ ಅಂಗಡಿಯಿಂದ ತಂದದ್ದು. ಪುಸ್ತಕವನ್ನು ತೊಡೆಯ ಮೇಲಿಟ್ಟೆ. ಇಂಗ್ಲಿಷ್ ಪುಸ್ತಕ ನನಗೇಕೆ ಎಂದು ದೂಡಿದಳು. ಮೊದಲ ಪುಟ ತೆರೆದು ತೋರಿಸಿದೆ. ಅದೊಂದು ಪುಟ ಕನ್ನಡದಲ್ಲಿತ್ತು. ಒಂದೇ ವಾಕ್ಯ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಪುಸ್ತಕವನ್ನು ಬೆಳಕಿಗೆ ಹಿಡಿದು, ಅಕ್ಷರದ ಕೆಳಗೆ ಬೆರಳು ಇಟ್ಟಳು. ಅವಳು ಓದುವುದು ಹಾಗೆಯೇ, ನಾಲ್ಕನೇ ಇಯತ್ತೆಯಲ್ಲಿ ಕಲಿಸಿದ ಹಾಗೆ, ಪ್ರತಿ ಅಕ್ಷರವನ್ನೂ ಬಾಯಿ ಬಿಟ್ಟು. "ಜೂನ್ ಒಂದನೇ ತಾರೀಕು... ನನ್ನ ಅವ್ವನ ತಲೆಯನ್ನು... ಸ್ವಲ್ಪ ಬಗ್ಗಿಸಿದ... ಮಾಸ್ತರರಿಗೆ."

ಪುಟ ತಿರುವಿ ಅದರ ಹಿಂಬದಿಯನ್ನೂ ನೋಡಿದಳು.

"ಅವರ ಹೆಸರ ಬರದಿಲ್ಲಲ್ಲ" ಎಂದಳು.

"ನಿನಗ ಗೊತ್ತಿದ್ರ ಹೇಳವ್ವ, ಬರೀತೀನಿ."

ಯೋಚನೆ ಮಾಡಿದಳು. ಮಾಸ್ತರ ಅಂತಿದ್ವಿ, ಹೆಸರು ಯಾರು ಕೇಳಿದ್ರು ಎಂದಳು. ಆಮೇಲೆ ಬೆರಳನ್ನು ಮತ್ತೆ ಸಾಲಿನ ಶುರುವಿಗೆ ತಂದು, ಮೊದಲಿನಿಂದ ಇನ್ನೊಂದು ಸಲ ಓದಿದಳು, ಈ ಸಲ ಗಟ್ಟಿಯಾಗಿ, ಎಲ್ಲಿಯೂ ತಡೆಯದೆ.